ಮುಷ್ಟಿ ಇಳಿಯುವ ತನಕ

ಉಡುಪಿ
ಶನಿವಾರ, ಜನವರಿ ೪, ೨೦೨೫
ಬೆಳಿಗ್ಗೆ ಆರೂವರೆ, ಆಸ್ಪತ್ರೆಯ ವರಾಂಡ

ಆಸ್ಫಿಯಾ ಭಾಬಿಗೆ ಹಂಪೇಶನ ಸಲಾಮು.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಯಜಮಾನ ಫಾರೂಕ್ ಸಾಹೇಬರು ಈಗಷ್ಟೇ ಎರಡು ಇಡ್ಲಿ ತಿಂದರು. ತಿಂದು, “ಇದೇನ್ ಚಟ್ನಿನೋ, ಗ್ವಾಡಿಗೆ ಬಳಿಯೋ ಸುಣ್ಣಾನೋ?” ಎಂದು ನರ್ಸಮ್ಮನನ್ನು ಕೇಳಿದರು. ಉಡುಪಿಯಲ್ಲಿ ಮಲಗಿಕೊಂಡು ಇಡ್ಲಿ ಚಟ್ನಿಗೆ ಹೆಸರಿಡುವಷ್ಟು ಜೀವ ಬಂದಿದೆ ಎಂದಮೇಲೆ ಹೆದರುವ ಕಾರಣವಿಲ್ಲ. ಪಕ್ಕೆಯಲ್ಲಿ ಹಾಕಿರುವ ನಳಿಗೆಯನ್ನು ಇವತ್ತೋ ನಾಳೆಯೋ ತೆಗೆಯುತ್ತಾರಂತೆ. ಡಾಕ್ಟರರ ಮಾತು, ನನ್ನದಲ್ಲ, ಆದ್ದರಿಂದ ನಂಬಬಹುದು.

ವಾಟ್ಸಾಪಿನ ಈ ಕಾಲದಲ್ಲಿ ಕಾಗದ ಬರೆಯುವವನು ಒಂದೋ ಪ್ರೇಮಿ, ಇಲ್ಲವೇ ಅಪರಾಧಿ. ನಾನು ಪ್ರೇಮಿಯಲ್ಲ. ಎರಡು ದಿನದಿಂದ ಫೋನಿನಲ್ಲಿ ನಿಮಗೆ ಒಂದು ಮಾತು ಹೇಳಲು ನೋಡುತ್ತಿದ್ದೇನೆ. ಬಾಯಿ ತೆರೆದರೆ ತಮಾಷೆ ಮೊದಲು ಹೊರಗೆ ಬರುತ್ತದೆ, ನೀವು ನಗುತ್ತೀರಿ, ನಕ್ಕಮೇಲೆ ಆ ಮಾತು ಮತ್ತೆ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತದೆ. ಗುರುವಾರ ಸಂಜೆ “ಏನಿಲ್ಲ ಭಾಬಿ, ಸ್ವಲ್ಪ ಗಾಳಿ ಹಿಡದೈತಿ ಅಷ್ಟ” ಎಂದಿದ್ದೆ. ಶ್ವಾಸಕೋಶ ಹರಿದು ಎದೆಗೂಡಿನೊಳಗೆ ಗಾಳಿ ಸೇರಿತ್ತು. ಲೆಕ್ಕಕ್ಕೆ ಅದು ಸುಳ್ಳಲ್ಲ. ಆದರೆ ನಿಮ್ಮ ಅತ್ತೆ ಸರ್ವರಬಿ ಅಮ್ಮ ಅದನ್ನು ಬೇರೆ ಗಾಳಿ ಎಂದುಕೊಂಡು, ಕಣ್ಣಿನ ಆಪರೇಷನ್ನಿನ ಪಟ್ಟಿ ಕಟ್ಟಿಕೊಂಡೇ ದರ್ಗಾದಿಂದ ತಾಯತ ತರಿಸಿದರಂತೆ. ಆ ತಾಯತ ಕಟ್ಟಬೇಕಾದ ತೋಳು ನನ್ನದು.

ಈಗ ಮುಖ್ಯ ಮಾತು. ನಿನ್ನೆ ನೀವು ಫೋನಿನಲ್ಲಿ ಹೇಳಿದಿರಿ: “ನಾದಿನಿ ಸಿರುಗುಪ್ಪದಿಂದ ರವಿವಾರ ಬರ್ತಾಳ, ಅತ್ತಿ ಕಣ್ಣಿಗೆ ಹನಿ ಹಾಕೋದು ಆಕಿ ನೋಡ್ಕೊಂತಾಳ. ಸೋಮವಾರ ನಾ ಅಲ್ಲಿರ್ತೀನಿ ಹಂಪೇಶಣ್ಣ. ಆ ಹುಲುಗಪ್ಪ ಅನ್ನೋನ ಮ್ಯಾಲೆ ಪೊಲೀಸ್ ಕಂಪ್ಲೇಂಟ್ ಕೊಡದ ಬಿಡಂಗಿಲ್ಲ. ನನ್ನ ಗಂಡನ್ನ ನೀರಾಗ ಬಿಟ್ಟು ಎಲ್ಲಿ ಹೋಗಿದ್ದ ಅಂವ?” ನಾನು ಹೂಂ ಎಂದೆ. ಭಾಬಿ, ಆ ಕಂಪ್ಲೇಂಟ್ ಕೊಡಬೇಡಿ. ಕೊಡುವುದೇ ಆದರೆ ಅದರಲ್ಲಿ ಹುಲುಗಪ್ಪನ ಹೆಸರು ಬರಬಾರದು. ಬಂದರೆ ಕಡಲಲ್ಲಿ ಮುಳುಗಲು ಕಲಿಸುವ ಅವನ ಸರ್ಟಿಫಿಕೇಟು ಹೋಗುತ್ತದೆ, ಕಡಲಿನ ಯಾವ ದೋಣಿಯವರೂ ಮತ್ತೆ ಅವನನ್ನು ಹತ್ತಿಸಿಕೊಳ್ಳುವುದಿಲ್ಲ. ಯಾರ ಹೆಸರು ಬರಬೇಕು ಎಂಬುದನ್ನು ಒಂದೇ ಸಾಲಿನಲ್ಲಿ ಇಲ್ಲೇ ಬರೆಯಬಹುದಿತ್ತು. ಪೆನ್ನು ಮುಂದೆ ಹೋಗುತ್ತಿಲ್ಲ. ಸುತ್ತು ಹಾಕಿ ಬರುತ್ತೇನೆ, ಸ್ವಲ್ಪ ತಾಳಿ.

ಹನ್ನೊಂದು ವರ್ಷದ ಹಿಂದೆ, ನಮ್ಮ ಸ್ಟುಡಿಯೋ ಇನ್ನೂ ಕುರುಗೋಡಿನಲ್ಲಿದ್ದಾಗ, ನಮಗೆ ಸಿಕ್ಕ ಮೊದಲ ದೊಡ್ಡ ಮದುವೆ ಹಚ್ಚೊಳ್ಳಿಯದು. ಹುಡುಗಿಯ ತಂದೆ ಕೊಟ್ಟೂರಪ್ಪ ಎರಡು ಟ್ರ್ಯಾಕ್ಟರ್ ಟ್ರೇಲರುಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ ವೇದಿಕೆ ಮಾಡಿಸಿದ್ದರು. ಬ್ಯಾಂಡು ಶುರುವಾಯಿತು, ಬೀಗರು ಕುಣಿದರು, ಟ್ರೇಲರೂ ಕುಣಿಯಿತು. ವಾರ ಬಿಟ್ಟು ಫೋಟೋ ನೋಡಿದ ಕೊಟ್ಟೂರಪ್ಪ ಸ್ಟುಡಿಯೋಕ್ಕೇ ಬಂದರು. “ಏನ್ರಪಾ, ನನ್ನ ಮಗಳಿಗೆ ನಾಕ್ ಕಣ್ಣು, ಅಳಿಯಗ ಎಲ್ಡ್ ಮೂಗು. ಇದು ಮದುವಿ ಆಲ್ಬಮ್ಮೋ, ರಾವಣನ ವಂಶದ ಪಟ್ಟಿನೋ?” ಅವತ್ತು ಫಾರೂಕ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಟ್ರೇಲರು ಅಷ್ಟೇ ಅಲ್ಲ, ಅದರ ಮೇಲೆ ಏದುಸಿರು ಬಿಡುತ್ತ ನಾವೂ ಅಲುಗಿದ್ದೆವು.

ಆಮೇಲೆ ನಾವಿಬ್ಬರೂ ಒಂದು ನೇಮ ಮಾಡಿಕೊಂಡೆವು. ದೊಡ್ಡ ಕ್ಯಾಮೆರಾ ನನ್ನದು. ದೀಪ ಮತ್ತು ಎರಡನೆಯ ಕ್ಯಾಮೆರಾ ಅವನದು. ಮಂಟಪದ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ನಾನು ಎಡಗೈ ಮುಷ್ಟಿ ಮಾಡಿ ಕಿವಿಯ ಪಕ್ಕಕ್ಕೆ ಎತ್ತಿದರೆ, ಉಸಿರು ಹಿಡಿ, ಕಲ್ಲಾಗು ಎಂದರ್ಥ. ಮುಷ್ಟಿ ಇಳಿಯುವ ತನಕ ಉಸಿರು ಬಿಡುವಂತಿಲ್ಲ. ತಾಳಿ ಕಟ್ಟಿ ಅಕ್ಕಿಕಾಳು ಬೀಳುವ ಹೊತ್ತು, ಖಾಜಿಯವರು ಮೂರನೇ ಸಲ ಕೇಳುವ ಹೊತ್ತು, ಎಲ್ಲದಕ್ಕೂ ಮುಷ್ಟಿಯೇ. ಸಿರಿಗೇರಿಯ ಒಂದು ಮದುವೆಯಲ್ಲಿ ವರನ ಕೈಯಲ್ಲಿ ತಾಳಿಯ ಗಂಟು ಮೂರು ಸಲ ಜಾರಿತು. ಫಾರೂಕನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಆದರೂ ಅವನು ಬಿಡಲಿಲ್ಲ.

ನಿಮ್ಮ ನಿಕಾಹಿನ ದಿನ ಒಪ್ಪಿಗೆಯ ಕುಬೂಲ್ ಅನ್ನುವ ಮಾತು ತಡವಾಯಿತಲ್ಲ, ಪರದೆಯ ಆಚೆ ನೀವೂ ನಿಮ್ಮ ಅಮ್ಮನೂ ಬೆವತು ನೀರಾದಿರಂತೆ. ಹುಡುಗನಿಗೆ ಮನಸ್ಸಿಲ್ಲವೇನೋ ಎಂದು ನಿಮ್ಮ ಮಾಮಾ ಎದ್ದು ನಿಂತಿದ್ದರು. ಕಾರಣ ನಾನು. ಖಾಜಿಯವರು ಕೇಳಿದಾಗ ರೂಢಿಯಂತೆ ನನ್ನ ಮುಷ್ಟಿ ಮೇಲೆ ಹೋಯಿತು. ಮದುಮಗ ಎಂಬುದನ್ನೂ ಮರೆತು ಇವನು ಸೆಹರಾದ ಹೂವಿನ ಮುಸುಕಿನೊಳಗೆ ಉಸಿರು ಹಿಡಿದು ಕುಳಿತುಬಿಟ್ಟ. ಉಸಿರು ಹಿಡಿದವನು ಕುಬೂಲ್ ಅನ್ನುವುದು ಹೇಗೆ? ಮುಷ್ಟಿ ಇಳಿಸಿದ ಮೇಲೆ ಒಂದರ ಬದಲು ನಾಲ್ಕು ಸಲ ಅಂದ. ಇದನ್ನು ನಾವು ಏಳು ವರ್ಷದಿಂದ ನಿಮ್ಮಿಂದ ಮುಚ್ಚಿಟ್ಟು ನಗುತ್ತಿದ್ದೆವು. ಇವತ್ತು ನಗು ಬರುತ್ತಿಲ್ಲ. ಆ ಮುಷ್ಟಿಗೆ ಅವನು ಎಷ್ಟು ಬಗ್ಗಿದ್ದ ಎಂಬುದು ಮಾತ್ರ ಕಾಣುತ್ತಿದೆ.

ನೀರಿನ ಹುಚ್ಚು ಅವನದೇ, ಅದನ್ನು ನನ್ನ ತಲೆಗೆ ಕಟ್ಟಬೇಡಿ. ಬಳ್ಳಾರಿಯ ಕಲ್ಯಾಣ ಮಂಟಪದ ಬಾಗಿಲಲ್ಲಿ ಮೀನಿನ ಗಾಜಿನ ತೊಟ್ಟಿ ಕಂಡರೆ ವಧುವರರನ್ನು ಬಿಟ್ಟು ಅದರ ಮುಂದೆ ಕೂರುತ್ತಿದ್ದ. ಒಂದು ಆಲ್ಬಮ್ಮಿನಲ್ಲಿ ಹದಿನಾಲ್ಕು ಮೀನಿನ ಫೋಟೋ ಬಂದು, “ಇವರು ಯಾವ ಕಡೆ ಬೀಗರ್ರಿ?” ಎಂದು ಗಂಡಿನವರು ಕೇಳಿದ್ದು ನಿಮಗೇ ಗೊತ್ತು. ಆಮೇಲೆ ಎಲ್ಲಿಂದಲೋ ಒಂದು ಹಳೆಯ ಹೌಸಿಂಗ್ ತಂದ. ನೀರು ಹೊಗದಂತೆ ಕ್ಯಾಮೆರಾಕ್ಕೆ ತೊಡಿಸುವ ಗಟ್ಟಿ ಡಬ್ಬಿ ಅದು. ಬಾಡಿಗೆ ಮನೆಯಲ್ಲಿರುವ ನಾವು ಕ್ಯಾಮೆರಾಕ್ಕೆ ಸ್ವಂತ ಮನೆ ಮಾಡಿಕೊಟ್ಟೆವು. ಶೂನ್ಯಮಾಸ ಬಂತು, ನಮ್ಮ ಕಡೆಯ ಮದುವೆಗಳು ನಿಂತವು; ನಿಮ್ಮ ಕಡೆಯ ಎರಡು ನಿಕಾಹ್ ಬಂದಿದ್ದನ್ನೂ ಬಿಟ್ಟು ನನ್ನನ್ನೂ ಎಳೆದುಕೊಂಡು ಮುರುಡೇಶ್ವರಕ್ಕೆ ಬಸ್ಸು ಹತ್ತಿದ. ವ್ಯಾಪಾರದಲ್ಲಿ ಮುಳುಗಿದವರನ್ನು ಕಂಡಿದ್ದೇವೆ. ಮುಳುಗಿ ವ್ಯಾಪಾರ ಮಾಡುವವರು ನಾವೇ ಮೊದಲಿರಬೇಕು ಎಂದು ದಾರಿಯುದ್ದಕ್ಕೂ ನಗಿಸಿದೆ.

ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವುದನ್ನು ನಮಗೆ ಕಲಿಸಿದವನು ಹುಲುಗಪ್ಪ. ನೀವು ಅಂದುಕೊಂಡಂತೆ ಅವನು ಕಡಲ ಕಡೆಯವನಲ್ಲ. ಸಿರುಗುಪ್ಪದವನು, ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರ ಮನೆಯವನು, ಮೂವತ್ತೈದರ ಗಂಡಸು. ಫಾರೂಕನ ಊರೂ ಅದೇ ಎಂದು ಕೇಳಿದ್ದೇ ತಡ, “ಅಯ್ಯ, ನಮ್ಮೂರಾರ ಅದೀರಿ!” ಎಂದು ತಬ್ಬಿಕೊಂಡ. ನಾಲ್ಕು ದಿನ ಕಲಿಸಿದ. ಮೊದಲ ದಿನ ಮೊದಲ ಮಾತು ಇದು: “ಅಣ್ಣಾರ, ಏನ್ ಮರತ್ರೂ ಉಸಿರಾಡೋದು ಮರೀಬ್ಯಾಡ್ರಿ. ನೀರಾಗ ಉಸಿರು ಹಿಡದು ಮ್ಯಾಕ ಬಂದ್ರಿ ಅಂದ್ರ ಒಳಗಿನ ಗಾಳಿ ಉಬ್ತೈತಿ. ಪುಗ್ಗಾ ಒಡದಂಗ ಎದಿ ಒಡೀತೈತಿ.” ದಿನಕ್ಕೆ ಹತ್ತು ಸಲ ಹೇಳಿಸಿದ. ನಾನೂ ಹೇಳಿದೆ, ಫಾರೂಕನೂ ಹೇಳಿದ. ಪರೀಕ್ಷೆಯಲ್ಲಿ ಬರೆದು ಪಾಸಾದೆವು. ಹನ್ನೊಂದು ವರ್ಷದ ರೂಢಿಯ ಮೇಲೆ ನಾಲ್ಕು ದಿನದ ಪಾಠ ಬಳಿದಂತಾಗಿತ್ತು, ಅಷ್ಟೇ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ನೇತ್ರಾಣಿ ದ್ವೀಪದ ಪಕ್ಕ ಮೂವರೂ ಇಳಿದೆವು. ಭಾಬಿ, ಅದನ್ನು ನೀವು ನೋಡಬೇಕಿತ್ತು. ಹಳದಿ ಪಟ್ಟೆಯ ಚಿಟ್ಟೆ ಮೀನುಗಳು ಜೋಡಿ ಜೋಡಿಯಾಗಿ ಮದುವೆಗೆ ಹೊರಟಂತೆ ಹೋಗುತ್ತವೆ. ಗಿಳಿ ಮೀನು ಬಂಡೆಯನ್ನು ಕಡಿಯುವ ಸದ್ದು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹುರಿಗಡಲೆ ಜಗಿದ ಹಾಗೆ ಕಿವಿಗೆ ಕೇಳುತ್ತದೆ. ಆಳಕ್ಕೆ ಹೋದಂತೆ ಕೆಂಪು ಬಣ್ಣ ಮೊದಲು ಸಾಯುತ್ತದೆ. ಎಲ್ಲವೂ ನೀಲಿ, ಬೂದಿ. ಫಾರೂಕ್ ದೀಪ ತಿರುಗಿಸಿದ ಕಡೆ ಮಾತ್ರ ಕೆಂಪು ಮತ್ತೆ ಎದ್ದು ಬರುತ್ತಿತ್ತು. ಮುಖವಾಡದ ಗಾಜಿನೊಳಗೆ ಅವನ ಕಣ್ಣುಗಳು ನಗುತ್ತಿದ್ದವು.

ಆಮೆ ಸಿಕ್ಕಿದ್ದು ನಾಲ್ಕಾಳು ಆಳದಲ್ಲಿ. ಒಂದು ಬಂಡೆಯ ಬೆನ್ನಿಗೆ ಬಾಯಿ ಹಚ್ಚಿ, ಯಾರ ಹಂಗೂ ಇಲ್ಲದೆ ಮೇಯುತ್ತಿತ್ತು. ನಾನು ಬಂಡೆಯ ಕೆಳಗೆ ಮೊಣಕಾಲೂರಿದೆ. ಫಾರೂಕ್ ನನ್ನ ಎಡಕ್ಕೆ, ಸ್ವಲ್ಪ ಮೇಲೆ, ದೀಪ ಹಿಡಿದು ತೇಲುತ್ತಿದ್ದ. ಹುಲುಗಪ್ಪ ಬಂಡೆಯ ಆಚೆ ಬದಿಯಲ್ಲಿ, ಐದಾರು ಮಾರು ದೂರ. ಅವನಿಗೆ ಫಾರೂಕ್ ಕಾಣುತ್ತಿದ್ದ. ನನ್ನ ಕೈ ಕಾಣುತ್ತಿರಲಿಲ್ಲ. ಫಾರೂಕ್ ಉಸಿರು ಬಿಟ್ಟಾಗಲೆಲ್ಲ ಗುಳ್ಳೆಗಳು ಬುಳಬುಳನೆ ಏಳುತ್ತಿದ್ದವು. ಆಮೆ ಬೆಚ್ಚಿ ಕತ್ತು ಎತ್ತುತ್ತಿತ್ತು. ಇನ್ನೊಂದು ಸಲ ಬೆಚ್ಚಿದರೆ ಹೊರಟುಹೋಗುತ್ತದೆ ಅನ್ನಿಸಿತು.

ನನ್ನ ಎಡಗೈ ಮುಷ್ಟಿಯಾಗಿ ಕಿವಿಯ ಪಕ್ಕಕ್ಕೆ ಎದ್ದಿತು.

ಅವನು ಉಸಿರು ಹಿಡಿದ.

ಬರೆದಾಯಿತು. ಕಂಪ್ಲೇಂಟಿನಲ್ಲಿ ಬರಬೇಕಾದ ಹೆಸರು ನನ್ನದು.

ಎದೆ ತುಂಬ ಗಾಳಿ ತುಂಬಿಕೊಂಡ ಮನುಷ್ಯ ನೀರಿನಲ್ಲಿ ತಾನಾಗಿಯೇ ಮೇಲೇಳುತ್ತಾನೆ. ಮೇಲೆದ್ದಷ್ಟೂ ಒಳಗಿನ ಗಾಳಿ ಹಿಗ್ಗುತ್ತದೆ. ಹಿಗ್ಗಿದಷ್ಟೂ ಬೇಗ ಮೇಲೇಳುತ್ತಾನೆ. ಫಾರೂಕ್ ಹಾಗೆ ಹೋದ, ದೀಪ ಬಿಡದೆ. ನಾನು ತಿರುಗುವಷ್ಟರಲ್ಲಿ ನನ್ನ ತಲೆಯ ಮೇಲಿಂದ ಹುಲುಗಪ್ಪ ಬಾಣದಂತೆ ಹೋಗುತ್ತಿದ್ದ. ಅವನು ಫಾರೂಕನ ಕಾಲು ಹಿಡಿದು ಕೆಳಗೆ ಎಳೆದ, ಎದೆಯ ಮೇಲೆ ಗುದ್ದಿದ, ಉಸಿರು ಬಿಡಿಸಿದ. ನೀರಿನ ಮೇಲಕ್ಕೆ ಇನ್ನೊಂದಾಳು ಉಳಿದಿತ್ತು. ಅಷ್ಟನ್ನೂ ಹಾಗೇ ಏರಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರರು ಹೇಳಿದರು; ಆಗ ಈ ಪತ್ರವನ್ನು ನಾನು ಬೇರೆ ರೀತಿ ಬರೆಯಬೇಕಾಗುತ್ತಿತ್ತು. ನಿಮ್ಮ ಗಂಡನನ್ನು ನೀರಿನಲ್ಲಿ ಬಿಟ್ಟು ಹುಲುಗಪ್ಪ ಎಲ್ಲೂ ಹೋಗಿರಲಿಲ್ಲ, ಭಾಬಿ. ನಿಮ್ಮ ಗಂಡನ ಕಾಲು ಹಿಡಿದುಕೊಂಡಿದ್ದ.

ದೋಣಿಯಲ್ಲಿ ಫಾರೂಕನ ಬಾಯಲ್ಲಿ ಕೆಂಪು ನೊರೆ. ದಡ ಮುಟ್ಟಲು ಒಂದೂವರೆ ತಾಸು. ಹುಲುಗಪ್ಪ ಆಕ್ಸಿಜನ್ನಿನ ಮುಖವಾಡವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಅಷ್ಟೂ ಹೊತ್ತು ಸಿರುಗುಪ್ಪದ ಮಾತು ಆಡುತ್ತಲೇ ಇದ್ದ: “ಕಣ್ ಮುಚ್ಚಬ್ಯಾಡಣ್ಣ. ನಮ್ಮ ಹೊಳ್ಯಾಗ ಈಗ ನೀರು ಎಷ್ಟೈತಿ ಹೇಳು? ಗದ್ದಿ ನಾಟಿ ಆಗೈತೇನು? ಹೇಳಣ್ಣ, ಮಾತಾಡಬ್ಯಾಡ, ಕಣ್ಣಾಗ ಹೇಳು.” ನಾನು ಏನು ಮಾಡುತ್ತಿದ್ದೆ ಗೊತ್ತೇ? ಕ್ಯಾಮೆರಾದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ.

ಸಂಜೆ ದೋಣಿ ಕಂಪನಿಯ ಮ್ಯಾನೇಜರರು ಆಸ್ಪತ್ರೆಗೇ ಬಂದು ಹೇಳಿಕೆ ಕೇಳಿದರು. ಬಳ್ಳಾರಿಯ ಕಾಲೇಜಿನಲ್ಲಿ ಎರಡು ವರ್ಷ ಕೂತು ಮಾಡಿದ ನನ್ನ ಕನ್ನಡ ಎಂ.ಎ. ಅವತ್ತು ಬಂದ ಹಾಗೆ ಎಂದೂ ಉಪಯೋಗಕ್ಕೆ ಬಂದಿರಲಿಲ್ಲ. “ಮಾರ್ಗದರ್ಶಕರು ಸ್ವಲ್ಪ ದೂರದಲ್ಲಿದ್ದರು. ಆ ಸಮಯದಲ್ಲಿ ಅತಿಥಿಯಿಂದ ಉಸಿರು ಹಿಡಿಯಲ್ಪಟ್ಟಿತು” ಎಂದು ಬರೆದೆ. ನೋಡಿ, ಎಂಥ ಸೊಗಸಾದ ಕರ್ಮಣಿ ಪ್ರಯೋಗ! ನಿಜವಾದ ಕರ್ತೃ ಮಾಯ, ಕರ್ಮ ಮಾತ್ರ ಉಳಿಯಿತು. ಅದೂ ಇನ್ನೊಬ್ಬನ ಕರ್ಮವಾಗಿ. ಅದರಲ್ಲಿ ಒಂದು ಪದವೂ ಸುಳ್ಳಿಲ್ಲ, ಒಂದು ಸಾಲೂ ನಿಜವಿಲ್ಲ. ಅದನ್ನು ಓದಿ ಮ್ಯಾನೇಜರರು ಹುಲುಗಪ್ಪನನ್ನು ದೋಣಿಯಿಂದ ಇಳಿಸಿದರು. ಈ ವಿಷಯ ತೀರ್ಮಾನವಾಗುವ ತನಕ ಬರಬೇಡ ಎಂದರು. ಅವನು ನನ್ನ ಹತ್ತಿರ ಬಂದ. “ನಾನು ತಡ ಮಾಡಿದ್ನಿ ಅಣ್ಣಾರ. ಮುಂಚೇಕ ನೋಡಬೇಕಿತ್ತು” ಎಂದ. ನನಗೆ ಅಂದ! ಹೋಗಲಿ ಬಿಡಪ್ಪ ಎಂದು ನಾನು ಅವನ ಬೆನ್ನು ತಟ್ಟಿದೆ. ಕ್ಷಮಿಸಿದ ಹಾಗೆ.

ನಿನ್ನೆ ಮಧ್ಯಾಹ್ನ ಫಾರೂಕನಿಗೆ ಮಾತಾಡಲು ಬಿಟ್ಟರು. ಮೊದಲ ಮಾತು ನಿಮ್ಮ ಬಗ್ಗೆಯಲ್ಲ, ಬೈದುಕೊಳ್ಳಬೇಡಿ. “ಆಮಿ ಸಿಕ್ತೇನ್ಲೇ?” ಎಂದ. ಸಿಕ್ಕಿತು ಎಂದೆ. ಕಣ್ಣು ಮುಚ್ಚಿ ನಕ್ಕ. ಆಮೇಲೆ ನನ್ನ ಎಡಗೈ ಹಿಡಿದು ಮೆಲ್ಲಗೆ ಹೇಳಿದ: “ಮುಷ್ಟಿ ಮಾತು ಯಾರ ಮುಂದೂ ಎತ್ತಬ್ಯಾಡ. ಆಸ್ಫಿಯಾಗಂತೂ ಬ್ಯಾಡೇ ಬ್ಯಾಡ. ಆಕಿ ನಿನ್ನ ಮಕ ನೋಡಂಗಿಲ್ಲ. ನಾನೇ ಮರತು ಹಿಡದೆ ಅಂತ ಹೇಳ್ತೀನಿ, ಮುಗೀತು.” ಹುಲುಗಪ್ಪನನ್ನು ಇಳಿಸಿದ ಸುದ್ದಿ ಅವನಿಗೆ ತಿಳಿಯದು. ನಾನು ಹೇಳಿಲ್ಲ. ಹೇಳಿದರೆ ನಳಿಗೆ ಕಿತ್ತುಕೊಂಡು ಎದ್ದು ಹೋಗುವ ಜಾತಿ ಅವನು; ನನ್ನ ಹಾಗಲ್ಲ. ಅವನಿಗೆ ಕೊಟ್ಟ ಮಾತನ್ನೂ ಈ ಪತ್ರದಲ್ಲಿ ಮುರಿದಿದ್ದೇನೆ.

ಇನ್ನೊಂದು ಉಳಿದಿದೆ. ರೂಢಿಯಿಂದ ಕೈ ಎದ್ದಿತು ಎಂದು ಮೇಲೆ ಬರೆದಂತೆ ಕಾಣುತ್ತದೆ. ಎದ್ದಿತು ಎಂದು ಬರೆದೆ, ಎತ್ತಿದೆ ಎಂದು ಬರೆಯಲಿಲ್ಲ. ರೂಢಿ ಅರ್ಧ ನಿಜ. ಆ ಗುಳ್ಳೆ ನಿಲ್ಲುವುದು ನನಗೆ ಬೇಕಿತ್ತು. ಎತ್ತಿದ ಕೈಯನ್ನು ಇಳಿಸುವುದೂ ನನ್ನ ಕೈಯಲ್ಲೇ ಇತ್ತು. ನಿನ್ನೆ ಆಮೆಯ ವಿಡಿಯೋ ಚಿತ್ರಣವನ್ನು ನೋಡಿದೆ. ಮೂರು ಸಲ ಅಳಿಸಲು ಹೋದೆ, ಬೆರಳು ಬಟನ್ನಿನ ಮೇಲೇ ಇತ್ತು. ಆಮೆ ಇಪ್ಪತ್ತಾರು ಸೆಕೆಂಡು ಇದೆ. ಮೊದಲು ಅದರ ಬೆನ್ನ ಮೇಲೆ ಜೇನಿನ ಬಣ್ಣ. ಹತ್ತನೆಯ ಸೆಕೆಂಡಿಗೆ ಬೆಳಕು ಮೆಲ್ಲಗೆ ಮೇಲಕ್ಕೆ ಜಾರುತ್ತದೆ, ತೆಳುವಾಗುತ್ತದೆ, ಕೊನೆಗೆ ಆಮೆ ಬೂದಿ ಬಣ್ಣದ್ದಾಗುತ್ತದೆ. ಬೆಳಕು ಜಾರಿದ್ದು ನನಗೆ ಆಗಲೇ ಕಂಡಿತ್ತು, ಭಾಬಿ. ಕಂಡು ನಾನು ಅಂದುಕೊಂಡದ್ದು ಇಷ್ಟು: ಮೇಲೆ ಹೋದಮೇಲೆ ಇವನಿಗೆ ಚೆನ್ನಾಗಿ ಬೈಯಬೇಕು, ದೀಪ ಅಲುಗಿಸುತ್ತಿದ್ದಾನೆ. ಮುಷ್ಟಿ ಇಳಿಸಲಿಲ್ಲ. ಚಿತ್ರಣದಲ್ಲಿ ನನ್ನ ಉಸಿರಿನ ಸದ್ದು ಕೂಡ ಕೇಳುತ್ತದೆ. ಎಣಿಸಿದೆ. ಆ ಇಪ್ಪತ್ತಾರು ಸೆಕೆಂಡಿನಲ್ಲಿ ನಾನು ಆರು ಸಲ ಉಸಿರಾಡಿದ್ದೇನೆ. ಅವನು ಒಂದೂ ಸಲ ಇಲ್ಲ.

ಇವತ್ತು ಹನ್ನೊಂದಕ್ಕೆ ಮ್ಯಾನೇಜರರು ನನ್ನ ಹೇಳಿಕೆಯ ಕೆಳಗೆ ಫಾರೂಕನ ಸಹಿ ಹಾಕಿಸಿಕೊಳ್ಳಲು ಇಲ್ಲಿಗೆ ಬರುತ್ತಾರೆ. ಸಹಿ ಬಿದ್ದರೆ ಅದು ಗಟ್ಟಿಯಾಗುತ್ತದೆ. ಅದಕ್ಕೆ ಮೊದಲು ನಾನು ಅದನ್ನು ಹರಿದು, ಬೇರೆ ಬರೆದು, ಚಿತ್ರಣದ ಪ್ರತಿಯನ್ನು ಅವರ ಕೈಗೆ ಕೊಡುತ್ತೇನೆ. ಮೂಲ ಕಾರ್ಡು ಈ ಲಕೋಟೆಯಲ್ಲಿದೆ. ನಾನು ಮತ್ತೆ ಹಿಂದೆ ಸರಿಯದಂತೆ ನಿಮ್ಮ ಹತ್ತಿರ ಇಡುತ್ತಿದ್ದೇನೆ. ಸೋಮವಾರ ಬಂದಾಗ ನಿಮ್ಮ ಸಿಟ್ಟನ್ನೂ ತನ್ನಿ. ಬೈಯಿರಿ, ಹೊಡೆಯಿರಿ, ಸ್ಟುಡಿಯೋದ ಬೀಗದಕೈ ಕೇಳಿ, ಕೊಡುತ್ತೇನೆ. ಸ್ಟೇಷನ್ನಿಗೇ ಹೋಗುವುದಾದರೆ ಮುಂದೆ ನಾನೇ ನಡೆಯುತ್ತೇನೆ. ಆದರೆ ನನ್ನ ಮಾತಿಗೆ ನಗಬೇಡಿ. ನೀವು ನಕ್ಕರೆ ನಾನು ಪಾರಾದೆ ಎಂದುಕೊಂಡುಬಿಡುತ್ತೇನೆ.

ಅಮ್ಮನ ಕಣ್ಣಿಗೆ ಹೊತ್ತಿಗೆ ಸರಿಯಾಗಿ ಹನಿ ಹಾಕಿ.

ತಲೆ ತಗ್ಗಿಸಿ,
ಹಂಪೇಶ

ಬರೆಯದೆ ಬಿಟ್ಟದ್ದು: ಈ ಲಕೋಟೆ ತಂದುಕೊಟ್ಟ ಮನುಷ್ಯ ಬಳ್ಳಾರಿ ಕೌಲ್ ಬಜಾರಿನ ನಿಮ್ಮ ಹೊಲಿಗೆ ಅಂಗಡಿಯಲ್ಲಿ, ಮಿಷನ್ನುಗಳ ಆಚೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತಿರುತ್ತಾನೆ. ಹೆಸರು ಕೇಳಿದರೆ ಹೇಳಲು ಹಿಂಜರಿಯುತ್ತಾನೆ. ಅವನೇ ಹುಲುಗಪ್ಪ. ಫಾರೂಕನನ್ನು ನೋಡಲು ಇಲ್ಲಿಗೆ ಬಂದು, ಎಂಟರ ಬಸ್ಸಿಗೆ ಊರಿಗೆ ಹೊರಟವನು, “ಬಳ್ಳಾರಿ ಮ್ಯಾಲೇ ಹೋಗ್ತೀನಿ ಅಣ್ಣಾರ. ಆ ಅಕ್ಕಾರಿಗೆ ಒಮ್ಮೆ ಮಕ ತೋರಿಸಿ, ತಡ ಆತ್ರಿ ತಪ್ಪಾತು ಅಂತ ಹೇಳಿ ಹೋಗ್ತೀನಿ. ಏನರ ಕೊಡೋದಿತ್ತೇನು?” ಎಂದು ಕೇಳಿದ. ಕೊಡುತ್ತೇನೆ ಎಂದೆ. ಒಳಗೆ ಏನಿದೆ ಎಂದು ಅವನಿಗೆ ಗೊತ್ತಿಲ್ಲ. ಎದುರಿಗೆ ನಿಂತಿದ್ದ, ಹೇಳಬಹುದಿತ್ತು, ನನ್ನಿಂದ ಆಗಲಿಲ್ಲ. ಅವನು ನಿಮ್ಮ ಹತ್ತಿರ ತಪ್ಪಾಯಿತು ಅನ್ನುವ ಮೊದಲು, ದಯವಿಟ್ಟು, ನೀವೇ ಅವನಿಗೆ ಇದನ್ನು ಓದಿ ಹೇಳಿ.